ತಾರಸಿ ನೀರು ಯಾವ ಸಮುದ್ರಕ್ಕೆ?

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವವರು ಭೂಗೋಳದ ಬಗ್ಗೆ ಏನಾದರೂ ಕೇಳೋದಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಒಂದು ಸಾಲು ಹಾಕಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬಹಳ ಜನ ಕೇಳಿರೋದು ಒಂದೇ: 'ಯಾವ ಕಿಟ್ ಕೊಳ್ಳಲಿ?' ಯಾವುದೂ ಬೇಡ. ನಾನು 31 ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡಿ, ಈಗ ನಾಲ್ಕು ವರ್ಷದಿಂದ ಮೈಸೂರಿನ ನಮ್ಮ ಮನೆಯಲ್ಲಿ ಮೊಮ್ಮಗಳಿಗೆ ಕಲಿಸುತ್ತಿದ್ದೇನೆ. ಅವಳಿಗೆ ಈಗ 13. ನಮ್ಮ ಸಾಮಾನು ಇಷ್ಟೇ: ಒಂದು ಅಳತೆ ಟೇಪು, ಒಂದು ಕೋಲು, ದಾರ, ಹಳೇ ರಟ್ಟು, ಒಂದು ಡೈರಿ. ಡೈರಿ ಮಾತ್ರ ಮಗುವಿನದೇ ಆಗಿರಬೇಕು. ನೀವು ಅದರಲ್ಲಿ ತಿದ್ದುವ ಹಾಗಿಲ್ಲ.

ಪ್ರಶ್ನೆ: ಮೇಡಂ, ಮಗನಿಗೆ 12 ವರ್ಷ. ನದಿಗಳ ಹೆಸರು, ಅವು ಹುಟ್ಟೋ ಜಾಗ ಎಲ್ಲ ಬಾಯಿಪಾಠ. ಆದರೆ ಮೊನ್ನೆ ಬಸ್ಸಿನಲ್ಲಿ ಶಿಂಷಾ ಸೇತುವೆ ದಾಟುವಾಗ ಇದ್ಯಾವ ನದಿ ಅಂದರೆ ಪಿಳಿಪಿಳಿ ನೋಡಿದ. ಎಲ್ಲಿಂದ ಶುರು ಮಾಡಲಿ?
— ಗೃಹಿಣಿ, ತುಮಕೂರು

ಉತ್ತರ: ತಾರಸಿಯಿಂದ ಶುರು ಮಾಡಿ. ಒಂದು ಬಕೆಟ್ ನೀರು ತೆಗೆದುಕೊಂಡು ಹೋಗಿ ತಾರಸಿ ನಡುವೆ ಸುರಿಯಿರಿ. ಅದು ಯಾವ ಮೂಲೆಗೆ ಓಡುತ್ತೆ, ಯಾವ ಪೈಪಿನಲ್ಲಿ ಇಳಿಯುತ್ತೆ, ಯಾವ ಮೋರಿ ಸೇರುತ್ತೆ ಅಂತ ಮಗ ಬರೆದುಕೊಳ್ಳಲಿ. ಆಮೇಲೆ ಮೋರಿ ಜೊತೆ ನಡೆಯಿರಿ. ಮಳೆನೀರಿನ ಮೋರಿ ಜೊತೆ, ಒಳಚರಂಡಿ ಜೊತೆ ಅಲ್ಲ. ಜೋರು ಮಳೆ ಬೀಳುವಾಗಲೂ ಬೇಡ.

ನಡೆಯೋ ಮುಂಚೆ ಅವನ ಹೆಜ್ಜೆ ಅಳೆಯಬೇಕು. ರಸ್ತೆಯಲ್ಲಿ 30 ಮೀಟರ್ ಗುರುತು ಹಾಕಿ ಮೂರು ಸಲ ನಡೆಸಿ, ಸರಾಸರಿ ತೆಗೆಯಿರಿ. ನನ್ನ ಮೊಮ್ಮಗಳದ್ದು 50 ಹೆಜ್ಜೆ ಬಂತು, ಅಂದರೆ ಹೆಜ್ಜೆಗೆ 60 ಸೆಂಟಿಮೀಟರ್. ಇನ್ನು ಟೇಪು ಬೇಡ. ಅವಳ ಕಾಲೇ ಟೇಪು. ತಿರುವು ಬಂದ ಕಡೆಯೆಲ್ಲ ಹೆಜ್ಜೆ ಲೆಕ್ಕ ಮತ್ತು ದಿಕ್ಕು ಬರೆದುಕೊಂಡರೆ ಮನೆಗೆ ಬಂದು ನಕ್ಷೆ ಬರೆಯಬಹುದು. 50 ಹೆಜ್ಜೆಗೆ ಒಂದು ಸೆಂಟಿಮೀಟರ್ ಇಟ್ಟುಕೊಳ್ಳಿ.

ನಮ್ಮ ಬೀದಿ ಮೋರಿ ಒಂದು ಕಲ್ಯಾಣ ಮಂಟಪದ ಹತ್ತಿರ ಚಪ್ಪಡಿ ಕೆಳಗೆ ನುಗ್ಗಿ ಮಾಯವಾಗುತ್ತೆ. ಆಚೆ ಬದಿಯಲ್ಲಿ ಎರಡು ಮೋರಿ ಹೊರಗೆ ಬರುತ್ತವೆ. ಇದರಲ್ಲಿ ನಮ್ಮದು ಯಾವುದು? ಕಾಗದದ ದೋಣಿ ಬಿಟ್ಟೆವು, ನೆನೆದು ಮುಳುಗಿತು. ಆಗ ಮೊಮ್ಮಗಳು ಅಡುಗೆಮನೆಯಿಂದ ನಾಲ್ಕು ನಿಂಬೆಹಣ್ಣು ತಂದಳು. ನಿಂಬೆಹಣ್ಣು ತೇಲುತ್ತೆ, ದುಂಡಗಿರೋದರಿಂದ ಎಲ್ಲೂ ಸಿಕ್ಕಿಕೊಳ್ಳಲ್ಲ. ದೂರದಿಂದ ಗುರುತು ಸಿಗಲಿ ಅಂತ ಅವಳು ಅದಕ್ಕೆ ಕುಂಕುಮ ಬೇರೆ ಹಚ್ಚಿದ್ದಳು. ಅವತ್ತು ಅಮಾವಾಸ್ಯೆ ಅನ್ನೋದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಅರ್ಧ ಗಂಟೆಯಲ್ಲಿ ಹಿಂದಿನ ಬೀದಿ ಪೂರ್ತಿ ಬಾಗಿಲಿಗೆ ಬಂದು ನಿಂತಿತ್ತು. 'ಯಾರೋ ಮಾಟ ಮಾಡಿಸಿದ್ದಾರೆ, ನಮ್ಮ ಮನೆ ಮುಂದೇನೇ ನಿಂತಿದೆ ನೋಡಿ' ಅಂತ ಒಬ್ಬರು ಪೊರಕೆ ಹಿಡಿದುಕೊಂಡೇ ಬಂದಿದ್ದರು. ನಾನು ಮೊಮ್ಮಗಳ ಡೈರಿ ಹಿಡಿದುಕೊಂಡು ಮನೆಮನೆಗೆ ಹೋಗಿ ನಕ್ಷೆ ತೋರಿಸಿ ಬಂದೆ. ಒಬ್ಬರು ಅಜ್ಜಿ ಮಾತ್ರ ಇವತ್ತಿಗೂ ನಂಬಿಲ್ಲ. ಇರಲಿ. ನಾಲ್ಕರಲ್ಲಿ ಮೂರು ಹಣ್ಣು ಎಡಗಡೆ ಮೋರಿಯಲ್ಲಿ ಬಂದವು. ಚಪ್ಪಡಿ ಕೆಳಗಿನ ಉದ್ದ ಮೇಲಿಂದ ಅಳೆದರೆ 60 ಹೆಜ್ಜೆ, ಅಂದರೆ 36 ಮೀಟರ್. ಹಣ್ಣು ತೆಗೆದುಕೊಂಡ ಸಮಯ 90 ಸೆಕೆಂಡ್. ನೀರಿನ ವೇಗ ಸೆಕೆಂಡಿಗೆ 40 ಸೆಂಟಿಮೀಟರ್ ಅಂತ ಲೆಕ್ಕ ಹಾಕಿದಳು. ನಾಲ್ಕನೇ ಹಣ್ಣು ಇನ್ನೂ ಬಂದಿಲ್ಲ. ನಮ್ಮ ನೀರು ದಳವಾಯಿ ಕೆರೆ ಕಡೆಗೆ, ಅಲ್ಲಿಂದ ಕಬಿನಿಗೆ ಹೋಗುತ್ತೆ. ಊರಿನ ಉತ್ತರ ಭಾಗದವರ ನೀರು ನೇರ ಕಾವೇರಿಗೆ. ಎರಡೂ ತಿ. ನರಸೀಪುರದಲ್ಲಿ ಕೂಡಿಕೊಳ್ಳುತ್ತವೆ.

ನೀವು ತುಮಕೂರಿನವರು, ನಿಮಗೆ ಇನ್ನೂ ಒಳ್ಳೆ ಜಾಗ ಇದೆ. ಮಗನನ್ನು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಿ. ಅದೇ ಬೆಟ್ಟಸಾಲಿನಲ್ಲಿ ಶಿಂಷಾ ಹುಟ್ಟುತ್ತೆ, ಜಯಮಂಗಲಿಯೂ ಹುಟ್ಟುತ್ತೆ. ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರಿದರೆ, ಜಯಮಂಗಲಿ ಕೊರಟಗೆರೆ, ಮಧುಗಿರಿ ಕಡೆಯಿಂದ ಆಂಧ್ರಕ್ಕೆ ಹೋಗಿ ಉತ್ತರ ಪಿನಾಕಿನಿ ಸೇರುತ್ತೆ. ಒಂದು ಪೂಂಪುಹಾರ್ ಹತ್ತಿರ ಕಡಲು ಸೇರಿದರೆ ಇನ್ನೊಂದು ನೆಲ್ಲೂರಿನ ಆಚೆ. ನಡುವೆ 300 ಕಿಲೋಮೀಟರಿಗೂ ಜಾಸ್ತಿ. ಬೆಟ್ಟದ ಮೇಲೆ ನಿಂತು ಆ ಕಡೆ ಒಂದು ಲೋಟ, ಈ ಕಡೆ ಒಂದು ಲೋಟ ನೀರು ಚೆಲ್ಲಲಿ. ಎರಡೂ ಬಂಗಾಳ ಕೊಲ್ಲಿಗೇ ತಾನೇ ಅಂತ ಅವನು ಕೇಳಿದರೆ, ಮುಂದಿನ ಸಲ ಸಕಲೇಶಪುರದ ಘಟ್ಟದ ನೆತ್ತಿಗೆ ಹೋಗಿ. ಅಲ್ಲಿ ಒಂದು ಮಗ್ಗುಲ ನೀರು ಹೇಮಾವತಿಗೆ, ಇನ್ನೊಂದು ಮಗ್ಗುಲದ್ದು ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ.

ಪ್ರಶ್ನೆ: ನಮಸ್ಕಾರ ರೀ ಮೇಡಂ. ಮಗಳಿಗೆ 13. ಅಕ್ಷಾಂಶ ಅಂದ್ರ ಏನು ಅಂತ ಎಷ್ಟು ಸಲ ಹೇಳಿದ್ರೂ ತಲಿಗೆ ಹೋಗವಲ್ದು. ದೊಡ್ಡ ಗ್ಲೋಬ್ ತಂದೀನಿ, ಅದು ಈಗ ಕಪಾಟಿನ ಮ್ಯಾಲೆ ಐತಿ.
— ತಂದೆ, ಹುಬ್ಬಳ್ಳಿ

ಉತ್ತರ: ಗ್ಲೋಬ್ ಅಲ್ಲೇ ಇರಲಿ ಬಿಡಿ. ಅಕ್ಷಾಂಶ ಅಂದರೆ ಭೂಮಿಯ ನಡುವಿನ ಸಮಭಾಜಕ ಗೆರೆಯಿಂದ ನಮ್ಮೂರು ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಇದೆ ಅನ್ನೋ ಲೆಕ್ಕ, ಅಷ್ಟೇ. ಒಂದು ಮೀಟರ್ ಉದ್ದದ ಕೋಲು ಸಾಕು. ಮಾರ್ಚ್ 20-21 ಅಥವಾ ಸೆಪ್ಟೆಂಬರ್ 22-23ರಂದು ಸೂರ್ಯ ಸಮಭಾಜಕದ ನೆತ್ತಿಯ ಮೇಲಿರುತ್ತಾನೆ. ಅವತ್ತು ನಡುಮಧ್ಯಾಹ್ನ ನಿಮ್ಮ ಅಂಗಳದಲ್ಲಿ ಕೋಲು ನೆಟ್ಟರೆ, ಕೋಲಿನ ತುದಿಯಲ್ಲಿ ಕೋಲಿಗೂ ಬಿಸಿಲಿಗೂ ನಡುವೆ ಆಗುವ ಕೋನವೇ ಹುಬ್ಬಳ್ಳಿಯ ಅಕ್ಷಾಂಶ. ಟ್ರಿಗ್ನಾಮೆಟ್ರಿ ಬರದಿದ್ದರೂ ಪರವಾಗಿಲ್ಲ. ಗ್ರಾಫ್ ಹಾಳೆಯಲ್ಲಿ ಕೋಲು, ನೆರಳು ಎರಡನ್ನೂ ಅಳತೆಗೆ ಬರೆದು ಕೋನಮಾಪಕ ಇಟ್ಟರೆ ಸಿಗುತ್ತೆ.

ನಡುಮಧ್ಯಾಹ್ನ ಅಂದರೆ ಗಡಿಯಾರದ 12 ಅಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತೆ. ಹುಬ್ಬಳ್ಳಿ ಅಲ್ಲಿಂದ ಸುಮಾರು ಏಳೂವರೆ ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದ ಹಾಗೆ ಅರ್ಧ ಗಂಟೆ ತಡ. ಅದರ ಮೇಲೆ ತಿಂಗಳಿಗೆ ತಕ್ಕ ಹಾಗೆ ಕೆಲವು ನಿಮಿಷ ಹಿಂದೆಮುಂದೆ ಆಗುತ್ತೆ. ಅದಕ್ಕೇ 12ರಿಂದ 12.50ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಚುಕ್ಕಿ ಇಡಿಸಿ. ಎಲ್ಲಕ್ಕಿಂತ ಗಿಡ್ಡ ನೆರಳು ಯಾವುದೋ ಅದೇ ನಡುಮಧ್ಯಾಹ್ನ. ಅದು ಸರಿಯಾಗಿ ಉತ್ತರಕ್ಕೆ ಮುಖ ಮಾಡಿರುತ್ತೆ. ಅವತ್ತು ಚುಕ್ಕಿಗಳೆಲ್ಲ ಒಂದೇ ನೇರ ಗೆರೆಯಲ್ಲಿ ಕೂರುತ್ತವೆ, ಪಶ್ಚಿಮದಿಂದ ಪೂರ್ವಕ್ಕೆ. ಅದನ್ನು ಮೊದಲೇ ಹೇಳಿಬಿಡಬೇಡಿ, ಮಗಳೇ ಕಂಡುಕೊಳ್ಳಲಿ.

ನಮ್ಮ ಮನೆಯಲ್ಲಿ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋದೆವು. ಮೊಮ್ಮಗಳ ಸೋದರಮಾವ ನಿಮ್ಮ ಊರಲ್ಲೇ ಇದ್ದಾನೆ. ಒಂದೇ ದಿನ ಇವಳು ಮೈಸೂರಿನಲ್ಲಿ, ಅವನು ಹುಬ್ಬಳ್ಳಿಯಲ್ಲಿ ನೆರಳು ಅಳೆದರು. ಇಲ್ಲಿ 22 ಸೆಂಟಿಮೀಟರ್, ಅಲ್ಲಿ 27. ಕೋನ 12.4 ಮತ್ತು 15.1 ಡಿಗ್ರಿ, ವ್ಯತ್ಯಾಸ 2.7. ನಕ್ಷೆಯಲ್ಲಿ ಮೈಸೂರಿಗಿಂತ ಹುಬ್ಬಳ್ಳಿ ಉತ್ತರಕ್ಕೆ ಎಷ್ಟು ದೂರ ಅಂತ ಅಳೆದರೆ ಸುಮಾರು 340 ಕಿಲೋಮೀಟರ್. ರಸ್ತೆ ದೂರ ಅಲ್ಲ, ಉತ್ತರ-ದಕ್ಷಿಣದ ನೇರ ಅಳತೆ. 2.7 ಡಿಗ್ರಿಗೆ 340 ಆದರೆ ಭೂಮಿಯ ಪೂರ್ತಿ ಸುತ್ತಿಗೆ, ಅಂದರೆ 360 ಡಿಗ್ರಿಗೆ? 45 ಸಾವಿರ ಚಿಲ್ಲರೆ ಬಂತು. ಭೂಮಿಯ ಸುತ್ತಳತೆ ಇರೋದು 40 ಸಾವಿರ ಕಿಲೋಮೀಟರ್. ಹುಡುಗಿ ಮುಖ ಸಣ್ಣಗಾಯಿತು.

ತಪ್ಪು ಎಲ್ಲಾಯಿತು ಅಂತ ಎರಡು ದಿನ ಹುಡುಕಿದಳು. ಹುಬ್ಬಳ್ಳಿಯಲ್ಲಿ ನೆರಳು 27.5 ಇರಬೇಕಿತ್ತು. ಮಾವನ ಕೋಲು ಒಂಚೂರು ವಾಲಿತ್ತು. ಅರ್ಧ ಸೆಂಟಿಮೀಟರ್ ಕಡಿಮೆಯಾಗಿದ್ದಕ್ಕೆ ಭೂಮಿ ಸಾವಿರಾರು ಕಿಲೋಮೀಟರ್ ಊದಿಕೊಂಡಿತ್ತು! ಆಮೇಲೆ ಇವಳು ಮಾವನಿಗೆ ಫೋನ್ ಮಾಡಿ ಬೈದದ್ದು ಬೇರೆ ವಿಷಯ. ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನ ಸಯೀನ್ ಮತ್ತು ಅಲೆಕ್ಸಾಂಡ್ರಿಯಾ ನಡುವೆ ಮಾಡಿದ್ದು ಇದೇ ಲೆಕ್ಕ. ಅವನಿಗೆ ಸಿಕ್ಕ ಕೋನದ ವ್ಯತ್ಯಾಸ 7.2 ಡಿಗ್ರಿ. ಊರುಗಳು ದೂರ ಇದ್ದಷ್ಟೂ ಸಣ್ಣ ತಪ್ಪು ಕಡಿಮೆ ಕಾಡುತ್ತೆ ಅನ್ನೋದು ಮೊಮ್ಮಗಳ ತೀರ್ಮಾನ. ನಿಮ್ಮ ಮಗಳು ಮಾಡುವಾಗ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯಾ ಅಂತ ಮೊದಲು ನೋಡಿಕೊಳ್ಳಲಿ.

ಸೆಪ್ಟೆಂಬರ್‌ವರೆಗೆ ಕಾಯೋಕೆ ಆಗಲ್ಲ ಅಂದರೆ ಮೇ ಮೊದಲ ವಾರ ನೋಡಿ. ಅವತ್ತು ನಿಮ್ಮೂರಲ್ಲಿ ಕೋಲಿಗೆ ನೆರಳೇ ಇಲ್ಲದ ಒಂದು ದಿನ ಬರುತ್ತೆ. ಬೆಂಗಳೂರಿಗೆ ಅದು ಏಪ್ರಿಲ್ 24ರ ಹೊತ್ತಿಗೆ, ಬೀದರಿಗೆ ಮೇ ಎರಡನೇ ವಾರ.

ಪ್ರಶ್ನೆ: ಮಗನಿಂದ ಥರ್ಮಾಕೋಲಿನಲ್ಲಿ ಕರ್ನಾಟಕದ ಮಾಡೆಲ್ ಮಾಡಿಸಿದೆ. ಪಶ್ಚಿಮ ಘಟ್ಟಕ್ಕೆ ಹಸಿರು ಬಣ್ಣ, ನದಿಗೆ ನೀಲಿ ಉಲ್ಲನ್. ಚೆನ್ನಾಗಿ ಬಂದಿದೆ. ಆದರೆ ಇದರಿಂದ ಅವನು ಏನು ಕಲಿತ ಅನ್ನೋದೇ ತಿಳಿಯುತ್ತಿಲ್ಲ.
— ತಾಯಿ, ಬೆಂಗಳೂರು

ಉತ್ತರ: ಫೋಟೋ ನೋಡಿದೆ. ಥರ್ಮಾಕೋಲ್ ಕತ್ತರಿಸೋದು ಕಲಿತಿದ್ದಾನೆ, ಅದೂ ಒಂದು ವಿದ್ಯೆನೇ. ಬೇಜಾರು ಮಾಡಿಕೊಳ್ಳಬೇಡಿ. ನಾನು ಕೆಲಸದಲ್ಲಿದ್ದಾಗ ಒಂದು ಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದೆ. ಮೊದಲ ಬಹುಮಾನ ಕೊಟ್ಟ ಮಾಡೆಲಿನ ತಳ ತಿರುಗಿಸಿ ನೋಡಿದರೆ ಅಂಗಡಿಯ ಬೆಲೆ ಚೀಟಿ ಇತ್ತು. ಕೊಟ್ಟ ಮೇಲೆ ನೋಡಿದ್ದು ನನ್ನ ತಪ್ಪು.

ಈಗ ಮಗನಿಗೆ ಒಂದು ಲೆಕ್ಕ ಕೊಡಿ. ಕರ್ನಾಟಕ ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿಲೋಮೀಟರ್. ಮಾಡೆಲ್ 75 ಸೆಂಟಿಮೀಟರ್ ಇದೆ ಅಂದಿದ್ದೀರಿ. ಅಂದರೆ ಒಂದು ಸೆಂಟಿಮೀಟರಿಗೆ 10 ಕಿಲೋಮೀಟರ್. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್, ಎರಡು ಕಿಲೋಮೀಟರ್ ಕೂಡ ಇಲ್ಲ. ಹಾಗಾದರೆ ನಿಮ್ಮ ಮಾಡೆಲಿನಲ್ಲಿ ಅದು ಎಷ್ಟಿರಬೇಕು? ಎರಡು ಮಿಲಿಮೀಟರ್! ನಿಮ್ಮ ಮಗ ಒಂದು ಗೇಣು ನಿಲ್ಲಿಸಿದ್ದಾನೆ. ಗೇಣನ್ನು 20 ಸೆಂಟಿಮೀಟರ್ ಅಂತ ಹಿಡಿದರೂ ಮುಳ್ಳಯ್ಯನಗಿರಿ 200 ಕಿಲೋಮೀಟರ್ ಎತ್ತರ ಆಯಿತು. ಎವರೆಸ್ಟೇ ಒಂಬತ್ತು ಕಿಲೋಮೀಟರ್ ಇಲ್ಲ ಅಲ್ವಾ? ಈ ಲೆಕ್ಕ ಹಾಕಿದ ಮೇಲೆ ಅವನು ಥರ್ಮಾಕೋಲನ್ನು ತಾನಾಗಿಯೇ ಮೂಲೆಗಿಡುತ್ತಾನೆ.

ಬೆಟ್ಟ ಮಾಡಲೇಬೇಕು ಅಂದರೆ ಒಂದೇ ಬೆಟ್ಟ ಹಿಡಿಯಿರಿ. ನಾವು ಚಾಮುಂಡಿ ಬೆಟ್ಟ ಮಾಡಿದೆವು. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಒಂದು ಕಿಲೋಮೀಟರ್ ಎರಡು ಸೆಂಟಿಮೀಟರ್ ಆಗಿರುತ್ತೆ, ಕಾಂಟೂರ್ ಗೆರೆಗಳು 20 ಮೀಟರಿಗೊಂದು. ಒಂದೇ ಎತ್ತರದ ಜಾಗಗಳನ್ನೆಲ್ಲ ಕೂಡಿಸಿ ಎಳೆದ ಗೆರೆ ಅದು. ಝೆರಾಕ್ಸ್ ಅಂಗಡಿಯಲ್ಲಿ ಎರಡು ಸಲ ಎರಡರಷ್ಟು ದೊಡ್ಡದು ಮಾಡಿಸಿದೆವು. ಈಗ ಕಿಲೋಮೀಟರಿಗೆ ಎಂಟು ಸೆಂಟಿಮೀಟರ್. ಪ್ರತಿ ಗೆರೆಯನ್ನೂ ಎರಡು ಮಿಲಿಮೀಟರ್ ದಪ್ಪದ ರಟ್ಟಿನ ಮೇಲೆ ಇಳಿಸಿ, ಕತ್ತರಿಸಿ, ಒಂದರ ಮೇಲೊಂದು ಮೈದಾ ಅಂಟಿನಲ್ಲಿ ಅಂಟಿಸಿದ್ದು. ಊರಿನ ನೆಲದಿಂದ ನೆತ್ತಿಗೆ ಸುಮಾರು 300 ಮೀಟರ್, ಅಂದರೆ 15 ರಟ್ಟು. ಎಲ್ಲ ಸೇರಿ ಮೂರೇ ಸೆಂಟಿಮೀಟರ್ ಎತ್ತರ. ಲೆಕ್ಕದ ಪ್ರಕಾರ 2.4 ಸೆಂಟಿಮೀಟರ್ ಸಾಕು, ಹಾಗಾಗಿ ಅದೂ ಕಾಲು ಭಾಗ ಜಾಸ್ತಿನೇ. 'ಅಜ್ಜಿ, ಬೆಟ್ಟ ಇಷ್ಟೇನಾ? ಹತ್ತುವಾಗ ಇಷ್ಟು ಅನಿಸಲ್ಲ' ಅಂದಳು. ನನ್ನ ಮಂಡಿಗೂ ಹಾಗೇ ಅನಿಸುತ್ತೆ.

ರಟ್ಟು ಅಂಟಿಸುವಾಗ ಒಂದು ನೋಡಿ. ಗೆರೆಗಳು ಒತ್ತೊತ್ತಾಗಿರುವ ಕಡೆ ರಟ್ಟಿನ ಅಂಚುಗಳು ಒಂದರ ಮೇಲೊಂದು ಗೋಡೆಯ ಹಾಗೆ ನಿಲ್ಲುತ್ತವೆ, ಅದು ಕಡಿದಾದ ಮಗ್ಗುಲು. ದೂರ ದೂರ ಇದ್ದರೆ ಅಗಲ ಮೆಟ್ಟಿಲು, ಅದು ಮೆಲ್ಲನೆಯ ಇಳಿಜಾರು. ಇದನ್ನು ಬಾಯಲ್ಲಿ ಹೇಳೋಕೆ ಕ್ಲಾಸಿನಲ್ಲಿ ನಾನು ಮೂರು ಪೀರಿಯಡ್ ತೆಗೆದುಕೊಳ್ಳುತ್ತಿದ್ದೆ. ಇವಳು ಬೆರಳಲ್ಲಿ ಸವರಿ ತಿಳಿದುಕೊಂಡಳು.

ಪ್ರಶ್ನೆ: ನಾವು ಶೇಂಗಾ ಬೆಳೆಯುವವರು. ಇಬ್ಬರು ಮಕ್ಕಳು ಮನೆಯಲ್ಲೇ ಓದುತ್ತಾರೆ. ಹೊಲದಲ್ಲಿ ಮಾಡುವಂಥದ್ದು ಏನಾದರೂ ಹೇಳಿ.
— ರೈತ, ಚಳ್ಳಕೆರೆ ತಾಲ್ಲೂಕು

ಉತ್ತರ: ನಿಮ್ಮ ಮಕ್ಕಳು ಪುಣ್ಯವಂತರು. ಮಳೆ ಅಳೆಯಲಿ. ಎರಡು ಲೀಟರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಿ. ಬಾಟಲಿ ತಳ ಉಬ್ಬುತಗ್ಗು ಇರುತ್ತಲ್ಲ, ಅಲ್ಲಿಗೆ ಬೆಣಚುಕಲ್ಲು ಹಾಕಿ, ನೇರ ಗೋಡೆ ಶುರುವಾಗುವ ತನಕ ನೀರು ತುಂಬಿ. ಅದು ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಮರ, ಸೂರು ಹತ್ತಿರ ಇಲ್ಲದ ಬಯಲಲ್ಲಿ ಇಟ್ಟು, ದಿನಾ ಬೆಳಿಗ್ಗೆ 8.30ಕ್ಕೆ ನೋಡಿ ಬರೆಯಬೇಕು. ಹವಾಮಾನ ಇಲಾಖೆಯವರು ನೋಡೋದೂ ಅದೇ ಹೊತ್ತಿಗೆ. ನೋಡಿದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ತನ್ನಿ, ಬಿಸಿಲಿಗೆ ಆರಿದ್ದರೆ ತುಂಬಿಸಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಎಕರೆಗೆ ಎಷ್ಟಾಯಿತು ಅಂತ ಮಕ್ಕಳು ಲೆಕ್ಕ ಹಾಕಲಿ. ಎಕರೆ ಅಂದರೆ ಸುಮಾರು 4,047 ಚದರ ಮೀಟರ್.

ಇದರ ಜೊತೆಗೆ ನಿಮ್ಮ ಮನೆ ಹಿರಿಯರನ್ನು ಕೂರಿಸಿಕೊಂಡು ಮಳೆ ನಕ್ಷತ್ರದ ಗಾದೆಗಳನ್ನು ಬರೆಸಿ. 'ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ', 'ಮಘೆ ಮಳೆ ಬಂದಷ್ಟು ಮೇಲು, ಮನೆಮಗ ಉಂಡಷ್ಟು ಮೇಲು.' ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ಆರಿದ್ರಾ ಹುಟ್ಟೋದು ಜೂನ್ 22ರ ಸುಮಾರಿಗೆ. ಡೈರಿಯನ್ನು ತಿಂಗಳ ಬದಲು ನಕ್ಷತ್ರದ ಪ್ರಕಾರ ಭಾಗ ಮಾಡಿ, ಯಾವ ಮಳೆ ಎಷ್ಟು ಮಿಲಿಮೀಟರ್ ಬಂತು ಅಂತ ಕೂಡಿಸಲಿ. ಅಜ್ಜ ಹೇಳಿದ ಗಾದೆ ನಿಮ್ಮ ಹೊಲದಲ್ಲಿ ನಿಲ್ಲುತ್ತೋ ಇಲ್ಲವೋ ನೋಡೋಣ. ಘಟ್ಟದಲ್ಲಿ ಹುಟ್ಟಿದ ಗಾದೆ ಬಯಲುಸೀಮೆಗೆ ಹೊಂದದೇ ಇರಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತೆ, ನಿಮ್ಮ ಕಡೆ 500ರ ಆಸುಪಾಸು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರ ಮನೆಗಳಲ್ಲಿ ಇಂಚು-ಸೆಂಟ್ ಲೆಕ್ಕದ (ಇಲ್ಲಿ ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಹಳೇ ಮಳೆ ಪುಸ್ತಕಗಳಿರುತ್ತವೆ. ಅಲ್ಲಿ ಯಾರಾದರೂ ಪರಿಚಯದವರಿದ್ದರೆ ಒಂದು ವರ್ಷದ್ದು ಬರೆಸಿಕೊಂಡು ಪಕ್ಕದಲ್ಲಿಟ್ಟು ನೋಡಿ.

ಮಳೆ ಇಲ್ಲದ ದಿನಕ್ಕೆ 33 ಅಡಿ ಹಗ್ಗ. ಉದ್ದ 33, ಅಗಲ 33 ಅಡಿ ಅಂದರೆ ಒಂದು ಗುಂಟೆ, 40 ಗುಂಟೆಗೆ ಎಕರೆ. ಮಕ್ಕಳು ಹೊಲ ಅಳೆದು, ನಕ್ಷೆ ಬರೆದು, ಪಹಣಿಯಲ್ಲಿರೋ ವಿಸ್ತೀರ್ಣದ ಜೊತೆ ತಾಳೆ ನೋಡಲಿ. ಲೆಕ್ಕ ಸೇರದಿದ್ದರೆ ಮೊದಲು ಹಗ್ಗ ನೋಡಿ, ಒದ್ದೆಯಾದ ಹಗ್ಗ ಅಳತೆ ಕೆಡಿಸುತ್ತೆ. ದಾಯಾದಿಗಳ ಬಾಂದು ಕಲ್ಲಿನ ಹತ್ತಿರ ಮಾತ್ರ ಹಗ್ಗ ಹಿಡಿದು ನಿಲ್ಲಬೇಡಿ. ಭೂಗೋಳ ಹೋಗಿ ಕೋರ್ಟ್ ಆಗುತ್ತೆ.

ಪ್ರಶ್ನೆ: ಇದೆಲ್ಲ ಸರಿ, ಪರೀಕ್ಷೆಗೆ ಏನು ಮಾಡೋದು?
— ಪೋಷಕರು, ಮಂಡ್ಯ

ಉತ್ತರ: ಎನ್‌ಐಓಎಸ್ ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಅದರ 'ಸಿ' ಹಂತ ಎಂಟನೇ ತರಗತಿಗೆ ಸಮ. 14 ತುಂಬಿದ ಮೇಲೆ ಹತ್ತನೆಯದಕ್ಕೆ ಕಟ್ಟಬಹುದು. ಪಠ್ಯ ಓದಿಸಿ, ಬೇಡ ಅನ್ನಲ್ಲ. ವಾರಕ್ಕೆ ಎರಡು ಬೆಳಿಗ್ಗೆ ಪುಸ್ತಕಕ್ಕೆ ಕೊಟ್ಟರೆ ನಮ್ಮ ಮನೆಯಲ್ಲಿ ಸಾಕಾಗಿದೆ.

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್ ಹತ್ತಿರ ಇದ್ದೇವೆ. ಮಗ 11 ವರ್ಷದವನು, ಹೋಮ್‌ಸ್ಕೂಲ್. ಅವನಿಗೆ ಕರ್ನಾಟಕದ ಭೂಗೋಳ ಕಲಿಸಬೇಕು ಅಂತ ಆಸೆ. ಅಜ್ಜಿ ಮೈಸೂರಿನಲ್ಲಿದ್ದಾರೆ.
— ತಾಯಿ, ಟೆಕ್ಸಾಸ್

ಉತ್ತರ: ಮೊದಲು ನಿಮ್ಮ ಮನೆ ಸೂರಿನ ನೀರು ಟ್ರಿನಿಟಿ ನದಿಗೆ ಹೇಗೆ ಹೋಗುತ್ತೆ ಅಂತ ಅವನು ಕಂಡುಹಿಡಿಯಲಿ. ಅದು ಮೆಕ್ಸಿಕೋ ಕೊಲ್ಲಿಯ ಕಡೆ ಹರಿಯುವ ನದಿ. ಕರ್ನಾಟಕಕ್ಕೆ ಆಮೇಲೆ ಬರೋಣ. ಬರೋದಕ್ಕೆ ಅಜ್ಜಿಯೇ ಬೇಕು.

ಜೂನ್ 21ರಂದು ನಡುಮಧ್ಯಾಹ್ನ ಮಗ ಅಲ್ಲಿ ಒಂದು ಮೀಟರ್ ಕೋಲು ನಿಲ್ಲಿಸಲಿ, ಅಜ್ಜಿ ಇಲ್ಲಿ ನಿಲ್ಲಿಸಲಿ. ಒಟ್ಟಿಗೆ ವಿಡಿಯೋ ಕಾಲ್ ಮಾಡೋಕೆ ಆಗಲ್ಲ. ಅಲ್ಲಿ ನಡುಮಧ್ಯಾಹ್ನ ಅಂದರೆ ನಿಮ್ಮ ಗಡಿಯಾರದಲ್ಲಿ ಒಂದೂವರೆ, ಆಗ ಇಲ್ಲಿ ಸರಿಯಾಗಿ ನಡುರಾತ್ರಿ. ಫೋಟೋ ಕಳಿಸಿಕೊಳ್ಳಿ. ಅವನ ಕೋಲಿನ ನೆರಳು ಹದಿನಾರು-ಹದಿನೇಳು ಸೆಂಟಿಮೀಟರ್ ಬರುತ್ತೆ, ಅಜ್ಜಿಯದು ಇಪ್ಪತ್ತರ ಹತ್ತಿರ. ಹೆಚ್ಚುಕಡಿಮೆ ಒಂದೇ. ಆದರೆ ಅವನದು ಉತ್ತರಕ್ಕೆ ಬಿದ್ದಿರುತ್ತೆ, ಅಜ್ಜಿಯದು ದಕ್ಷಿಣಕ್ಕೆ! ಸೂರ್ಯ ಅವತ್ತು ಕರ್ಕಾಟಕ ಸಂಕ್ರಾಂತಿ ವೃತ್ತದ (ಸುಮಾರು 23.5 ಡಿಗ್ರಿ ಉತ್ತರ ಅಕ್ಷಾಂಶ) ನೆತ್ತಿಯ ಮೇಲಿರುತ್ತಾನೆ. ಮೈಸೂರು ಅದರ ತೆಂಕಲಿಗೆ, ನೀವು ಬಡಗಲಿಗೆ. ಡಲ್ಲಾಸಿನಲ್ಲಿ ಮಧ್ಯಾಹ್ನದ ನೆರಳು ವರ್ಷದ ಯಾವ ದಿನವೂ ದಕ್ಷಿಣಕ್ಕೆ ಬೀಳಲ್ಲ.

ನೆರಳು ದಕ್ಷಿಣಕ್ಕೆ ಬೀಳುತ್ತೆ ಅಂದರೆ ಅಜ್ಜಿ ಮೊದಲು ಒಪ್ಪದೇ ಇರಬಹುದು. ನಮ್ಮ ಪಕ್ಕದ ಮನೆಯವರೂ ಒಪ್ಪಿರಲಿಲ್ಲ, ಎಪ್ಪತ್ತು ವರ್ಷ ಇದೇ ಅಂಗಳದಲ್ಲಿ ಬಟ್ಟೆ ಒಣಗಿಸಿದ್ದೀನಿ ಅಂದರು. ಜಗಳ ಮಾಡದೆ ತುಳಸಿ ಕಟ್ಟೆ ಪಕ್ಕ ನಿಲ್ಲಿಸಿ, ಮಧ್ಯಾಹ್ನ 12.25ರ ಹೊತ್ತಿಗೆ ಕಟ್ಟೆಯ ನೆರಳು ಯಾವ ಕಡೆಗಿದೆ ಅಂತ ಕೇಳಿ. ಜೂನ್‌ನಲ್ಲಿ ನಮ್ಮಲ್ಲಿ ಮೋಡ ಜಾಸ್ತಿ. 21ಕ್ಕೇ ಆಗಬೇಕು ಅಂತಿಲ್ಲ, ಒಂದು ವಾರ ಆಚೀಚೆ ಆದರೂ ನೆರಳು ಅಷ್ಟೇನೂ ಬದಲಾಗಲ್ಲ. ಬಿಸಿಲು ಬಂದ ದಿನ ಬೇಗ ಊಟ ಮುಗಿಸಿಕೊಂಡು ಕೂತಿರೋಕೆ ಅಜ್ಜಿಗೆ ಹೇಳಿ.